ಮುಂಗಡ ಕಟ್ಟಿದ ಊಟ

ಈ ಸಲದ ರಜೆಯ ಪ್ರವಾಸದಲ್ಲಿ ಯಾರೂ ನನ್ನ ಕಿವಿ ಮೇಲೆ ಹೂವಿಡುವಂತಿಲ್ಲ ಎಂದು ಕೊರಳಲ್ಲಿ ನೇತಾಡುತ್ತಿದ್ದ ಟೇಪು ಮುಟ್ಟಿ ಪ್ರತಿಜ್ಞೆ ಮಾಡಿದೆ! ಟೇಪೇ ಏಕೆಂದರೆ, ನಾನು ಟೈಲರ್. ಅದರಲ್ಲೂ ಪ್ಯಾಂಟಿನ ಟೈಲರ್. ಷರ್ಟನ್ನು ಯಾರು ಬೇಕಾದರೂ ಹೊಲಿಯಬಹುದು, ಪ್ಯಾಂಟು ಹೊಲಿಯುವವನಿಗೆ ಮನುಷ್ಯನ ಒಳಗುಟ್ಟು ಗೊತ್ತಿರಬೇಕು. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಅವನ ಸೊಂಟ ಎಷ್ಟಿಂಚು ಎಂದು ಹೇಳಬಲ್ಲೆ. ಉಸಿರು ಎಳೆದುಕೊಂಡು ಎಷ್ಟಿಂಚು ಸುಳ್ಳು ಹೇಳುತ್ತಿದ್ದಾನೆ ಎಂಬುದನ್ನೂ ಹೇಳಬಲ್ಲೆ!

ಆಗಾಗ ಯಾರಾದರೂ ಸೊಂಟದ ಹತ್ತಿರ ಕೈಹಿಡಿದುಕೊಂಡು ಅಂಗಡಿಗೆ ಬಂದು ದೂರುವುದುಂಟು. "ಏನ್ ಟೈಲರೇ, ನೀವು ಹಾಕಿದ್ ಗುಂಡಿ ಹಾರೋಯ್ತಲ್ಲ!" ಆಗ ನಾನು ಕನ್ನಡಕದ ಮೇಲಿಂದ ಅವರ ಹೊಟ್ಟೆಯನ್ನೊಮ್ಮೆ ನೋಡಿ, ನ್ಯಾಯಾಧೀಶರ ಗತ್ತಿನಲ್ಲಿ ತೀರ್ಪು ಕೊಡುತ್ತೇನೆ. "ತಪ್ಪು ಗುಂಡಿದಲ್ಲ ಸಾರ್, ಹೊಟ್ಟೆದು!"

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನನ್ನ ಮಗಳನ್ನು ನಾವು ಮನೆಯಲ್ಲಿ ಕರೆಯುವುದೂ ಗುಂಡಿ ಎಂದೇ. ಅಂಬೆಗಾಲಿಡುವ ವಯಸ್ಸಿನಲ್ಲಿ ಅಂಗಡಿಯ ನೆಲದ ಮೇಲೆ ಬಿದ್ದಿದ್ದ ಕೋಟಿನ ಗುಂಡಿಯೊಂದನ್ನು ನುಂಗಿ, ಮಾರನೆಯ ದಿನ ಯಾವ ಗಲಾಟೆಯೂ ಇಲ್ಲದೆ ಅದನ್ನು ವಾಪಸು ಕೊಟ್ಟು ಸಂಪಾದಿಸಿದ ಬಿರುದು ಅದು. ಮಾತು ಕಲಿತ ಮೇಲೆ ನನ್ನ ತೀರ್ಪು ತನ್ನ ಪರವಾಗಿಯೇ ಇದೆ ಎಂದುಕೊಂಡುಬಿಟ್ಟಳು. ಲೋಟ ಒಡೆದರೂ ಸರಿ, ಗೋಡೆಗೆ ಗೀಚಿದರೂ ಸರಿ, ಸೊಂಟಕ್ಕೆ ಕೈಯಿಟ್ಟು ನಿಂತು "ತಪ್ಪು ಗುಂಡಿದಲ್ಲ, ಹೊಟ್ಟೆದು!" ಎನ್ನುತ್ತಿದ್ದಳು. ಬೈಯಲು ಬಾಯಿ ತೆರೆದವರು ನಗುತ್ತಾ ಮುಚ್ಚಬೇಕಾಗುತ್ತಿತ್ತು.

ಈಗ ಅಸಲು ಕಥೆಗೆ ಬರುತ್ತೇನೆ. ಹೋದ ವರ್ಷ ರಜೆಗೆಂದು ಮನೆಮಂದಿಯೆಲ್ಲ ಒಂದು ದೊಡ್ಡ ಥೀಮ್ ಪಾರ್ಕಿಗೆ ಹೋಗಿದ್ದೆವು. ಅಲ್ಲಿ ಸಿಡಿಲುಬಂಡಿ ಎಂಬ ರೋಲರ್ ಕೋಸ್ಟರ್ ಇದೆ. ಏರುವಾಗ ಇರುವೆಯಂತೆ ಏರಿ, ಇಳಿಯುವಾಗ ಹೊಟ್ಟೆಯನ್ನು ಮೇಲೆಯೇ ಬಿಟ್ಟು ಇಳಿಯುತ್ತದೆ. ಗುಂಡಿಗೆ ಅದರ ಮೇಲೆ ಪ್ರಾಣ. ಆದರೆ ಬಾಗಿಲಲ್ಲಿದ್ದ ಎತ್ತರದ ಗೆರೆಗೆ ಅವಳು ಎರಡು ಬೆರಳು ಕಡಿಮೆ ಬಿದ್ದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತಳು. ನನಗೆ ತಡೆಯಲಾಗಲಿಲ್ಲ. "ಅಳ್ಬೇಡ ಪುಟ್ಟ, ಮುಂದಿನ ವರ್ಷ ನಿನ್ ಪಕ್ಕದಲ್ಲಿ ನಾನೇ ಕೂರ್ತೀನಿ. ಇಬ್ರೂ ಕೈ ಮೇಲೆತ್ತಿ ಕೂಗೋಣ" ಎಂದು ಮಾತು ಕೊಟ್ಟೆ. ಅಂದಿನಿಂದ ಅವಳು ಶಾಲೆಯಿಂದ ಬಂದವಳೇ ಅಂಗಡಿಯ ಬಾಗಿಲಿಗೆ ಬೆನ್ನುಕೊಟ್ಟು ನಿಂತು, "ಅಪ್ಪಾ, ಟೇಪು!" ಎನ್ನುತ್ತಿದ್ದಳು. ಈ ವರ್ಷ ಗೆರೆ ದಾಟಿದಳು. ಆದರೆ ಅವಳ ವಯಸ್ಸಿನ ಮಕ್ಕಳ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕು ಎಂಬ ನಿಯಮ ಪಾರ್ಕಿನದು. ಕೂರುವವನು ನಾನೇ ತಾನೆ!

ಟಿಕೆಟ್ ತೆಗೆಯಲು ಕೂತಾಗ ಮೊಬೈಲು ಕೇಳಿತು: ಮುಂಗಡ ಊಟದ ಪ್ಲ್ಯಾನ್ ಬೇಕೇ? ಮೊದಲೇ ದುಡ್ಡು ಕಟ್ಟಿದರೆ ಕೈಗೊಂದು ಪಟ್ಟಿ ಕಟ್ಟುತ್ತಾರೆ. ಅದನ್ನು ತೋರಿಸಿ ಗಂಟೆಗೊಂದು ಸಲ, ಯಾವ ಕೌಂಟರಿನಲ್ಲಾದರೂ, ಒಂದು ತಟ್ಟೆ ಊಟ, ಒಂದು ಲೋಟ ಪಾನೀಯ. ದಿನವಿಡೀ!

ಹೋದ ವರ್ಷ ಅಲ್ಲಿ ಒಂದೊಂದು ತಿಂಡಿಗೂ ದುಪ್ಪಟ್ಟು ದುಡ್ಡು ತೆತ್ತು ಬಂದಿದ್ದ ನನ್ನ ಕಣ್ಣು ಅರಳಿತು.

ನನ್ನ ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಜನ ಏನೇನು ತಿಂದು ಏನೇನು ಕೊಳ್ಳಲು ಬರುತ್ತಾರೆ ಎಂದು ಬಲ್ಲವಳು. "ಬೇಡಾರೀ. ಹಸಿವಾದಾಗ ಏನಾದ್ರೂ ಕೊಂಡ್ಕೊಂಡ್ ತಿಂದ್ರಾಯ್ತು" ಎಂದಳು.

"ನಿನಗೆ ಗೊತ್ತಾಗಲ್ಲ ಕಣೇ. ಬಟ್ಟೆ ಮೀಟರ್ ಲೆಕ್ಕದಲ್ಲಿ ಕೊಂಡ್ರೆ ದುಬಾರಿ, ಇಡೀ ಥಾನು ಎತ್ಕೊಂಡ್ರೆ ಅಗ್ಗ. ಊಟನೂ ಹಾಗೇ. ತುತ್ತು ತುತ್ತಾಗಿ ಕೊಂಡ್ರೆ ಮುಳುಗಿದ್ವಿ. ಥಾನು ಎತ್ಬೇಕು!"

"ಥಾನಲ್ಲಿ ಬಟ್ಟೆ ಉಳಿದ್ರೆ ಬೀರುವಲ್ಲಿ ಇಡ್ತೀರಿ. ಊಟ ಉಳಿದ್ರೆ ಎಲ್ಲಿಡ್ತೀರಿ?"

ಉತ್ತರವಿಲ್ಲದ ಪ್ರಶ್ನೆ ಕೇಳುವುದು ಅವಳಿಗೆ ಹುಟ್ಟುಗುಣ!

ನಮ್ಮ ಜೊತೆ ಹೊರಟಿದ್ದ ನಮ್ಮತ್ತೆ, ಅಂದರೆ ಅವಳ ತಾಯಿ, ಶಾಲೆಯಲ್ಲಿ ಆಟದ ಟೀಚರಾಗಿ ನಿವೃತ್ತರಾದವರು. ಮೈ ಸ್ಕೇಲಿನ ಹಾಗೆ ನೇರ, ದನಿ ಸೀಟಿಯ ಹಾಗೆ ಚುರುಕು. "ಅಳಿಯಂದ್ರೇ, ಊಟ ಬಲ್ಲವನಿಗೆ ರೋಗ ಇಲ್ಲ, ಮಾತು ಬಲ್ಲವನಿಗೆ ಜಗಳ ಇಲ್ಲ ಅಂತಾರೆ. ನನಗಂತೂ ಪ್ಲ್ಯಾನ್ ಬೇಡ. ಒಂದು ಸೇಬು ಸಾಕು" ಎಂದರು. ಈ ಗಾದೆಯ ಅರ್ಧ ನನಗೆ, ಇನ್ನರ್ಧವೂ ನನಗೇ ಎಂದು ಗೊತ್ತಿದ್ದರೂ ಗೊತ್ತಾಗದವನಂತೆ ಕೂತೆ.

ಅಳೆದೂ ಸುರಿದೂ ಕೊನೆಗೆ ಒಂದು ಅದ್ಭುತ ಉಪಾಯ ಹೊಳೆಯಿತು. ಅಳೆಯುವುದು ನನ್ನ ಕಸುಬು, ಸುರಿಯುವುದು ಪಾರ್ಕಿನವರ ಕಸುಬು! ನಾಲ್ಕು ಪಟ್ಟಿ ಯಾಕೆ? ಒಂದೇ ಪಟ್ಟಿ ಕೊಳ್ಳೋಣ. ಗಂಟೆಗೊಂದು ತಟ್ಟೆ ನಾನು ತರುತ್ತೇನೆ, ನಾಲ್ವರೂ ಹಂಚಿಕೊಂಡು ತಿನ್ನೋಣ. ಒಂದು ಪಟ್ಟಿ, ನಾಲ್ಕು ಹೊಟ್ಟೆ! ಇಂಥ ಬುದ್ಧಿ ನನಗಿರುವಾಗ ಬರೀ ಪ್ಯಾಂಟು ಹೊಲಿಯುತ್ತಾ ಕೂತಿದ್ದೇನಲ್ಲ ಎಂದು ನನಗೇ ಮರುಕ ಬಂತು.

ಪ್ರವಾಸಕ್ಕೆಂದೇ ನನಗೊಂದು ಹೊಸ ಪ್ಯಾಂಟು ಹೊಲಿದುಕೊಂಡೆ. ಗಿರಾಕಿಗಳಿಗಾದರೆ ಮುಂದೆ ಬೇಕಾದೀತು ಎಂದು ಸೊಂಟದ ಹತ್ತಿರ ಎರಡಿಂಚು ಬಟ್ಟೆ ಒಳಗೆ ಮಡಚಿ ಬಿಡುತ್ತೇನೆ. ನನ್ನದಕ್ಕೆ ಬಿಡಲಿಲ್ಲ. ನನ್ನ ಸೊಂಟದ ಮೇಲೆ ನನಗೆ ಅಷ್ಟು ನಂಬಿಕೆ!

ಪಾರ್ಕಿನ ಬಾಗಿಲಲ್ಲಿ ನನ್ನ ಕೈಗೆ ಹಳದಿ ಪಟ್ಟಿ ಕಟ್ಟಿದರು. ಗೆದ್ದ ಪೈಲ್ವಾನನಂತೆ ಕೈಯೆತ್ತಿ ಎಲ್ಲರಿಗೂ ತೋರಿಸಿದೆ. ಗುಂಡಿ ಆಗಲೇ ದೂರದಲ್ಲಿ ಕಾಣುತ್ತಿದ್ದ ಸಿಡಿಲುಬಂಡಿಯ ಕಡೆ ನನ್ನನ್ನು ಎಳೆಯುತ್ತಿದ್ದಳು.

"ಅಪ್ಪಾ, ಮೊದ್ಲು ಅದು!"

"ಹೋಗೋಣ ಪುಟ್ಟ. ಈ ಗಂಟೆದು ಒಂದು ತಟ್ಟೆ ಮುಗಿಸ್ಬಿಡೋಣ."

ಮೊದಲ ತಟ್ಟೆಯಲ್ಲಿ ಒಂದು ದೊಡ್ಡ ಬನ್ನು, ಗುಡ್ಡದಷ್ಟು ಕರಿದ ಆಲೂಗಡ್ಡೆ. ಮೇಜಿನ ಮೇಲಿಟ್ಟು ಬನ್ನನ್ನು ಬಟ್ಟೆ ಕತ್ತರಿಸುವಷ್ಟೇ ನಾಜೂಕಾಗಿ ನಾಲ್ಕು ಭಾಗ ಮಾಡಿದೆ. ಹೆಂಡತಿಯ ಕೈಗೆ ಮೊದಲ ಭಾಗ ಹೋಗುವಷ್ಟರಲ್ಲಿ ಟೋಪಿ ಹಾಕಿದ ಮೇಲ್ವಿಚಾರಕಿಯೊಬ್ಬರು ಪ್ರತ್ಯಕ್ಷರಾದರು.

"ಸಾರ್, ಹಂಚೋ ಹಾಗಿಲ್ಲ. ಪಟ್ಟಿ ಯಾರ ಕೈಲಿದ್ಯೋ, ಊಟ ಅವರ ಬಾಯಿಗೆ."

"ಇವಳು ನನ್ನ ಅರ್ಧಾಂಗಿ ಮೇಡಮ್! ಅರ್ಧ ಅವಳಿಗೆ ಸೇರ್ಬೇಕಲ್ವಾ?"

"ಹಾಗಿದ್ರೆ ಅವರ ಅರ್ಧಕ್ಕೂ ಒಂದು ಪಟ್ಟಿ ತಗೊಳಿ ಸಾರ್."

ನನ್ನ ಹೆಂಡತಿ ಬನ್ನಿನ ತುಂಡನ್ನು ಮೆಲ್ಲಗೆ ತಟ್ಟೆಗೆ ವಾಪಸಿಟ್ಟು, ತನಗೂ ಗುಂಡಿಗೂ ಬೇರೆ ಕೌಂಟರಿನಿಂದ ದುಡ್ಡು ಕೊಟ್ಟು ತಂದಳು. ಅತ್ತೆ ಚೀಲದಿಂದ ಸೇಬು ತೆಗೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಅವರ ಪಾಡಾಯಿತು. ನನ್ನ ಪಾಡು ಬೇರೆ. ನಾಲ್ಕು ಬಾಯಿಯ ತುತ್ತೂ ನನ್ನೊಬ್ಬನ ಬಾಯಿಗೇ ಬಂತು!

"ಬಿಟ್ಬಿಡಿ, ಎಷ್ಟಾಗುತ್ತೋ ಅಷ್ಟು ತಿನ್ನಿ" ಎಂದಳು ಹೆಂಡತಿ.

"ಬಿಡೋದಾ? ಮುಂಗಡ ಕಟ್ಟಿರೋನು ನಾನು!"

ಅಲ್ಲಿಂದ ಶುರುವಾಯಿತು ನೋಡಿ ನನ್ನ ದಿಗ್ವಿಜಯ! ಒಂದು ಗಂಟೆಗೆ ಬನ್ನು, ಮುಂದಿನ ಗಂಟೆಗೆ ನೂಡಲ್ಸು, ಅದರ ಮುಂದಿನ ಗಂಟೆಗೆ ಗಾಡಿಯ ಚಕ್ರದಷ್ಟು ದೊಡ್ಡ ಪಿಜ್ಜಾ. ಪ್ರತಿ ತಟ್ಟೆಯ ಜೊತೆಗೆ ಬಕೆಟ್ಟಿನಂಥ ಲೋಟದಲ್ಲಿ ಜ್ಯೂಸು. ನನಗೆ ಹಸಿವಿರಲಿಲ್ಲ, ಹಟವಿತ್ತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನಮ್ಮದು. ಇದು ಪುಕ್ಕಟೆಯೂ ಅಲ್ಲ, ದುಡ್ಡು ಕೊಟ್ಟ ಪುಕ್ಕಟೆ! ಬಿಡಲು ಮನಸ್ಸು ಬರುತ್ತದೆಯೇ?

ನಡುನಡುವೆ ಗುಂಡಿ ಬಂದು ತೋಳು ಎಳೆಯುತ್ತಿದ್ದಳು. "ಅಪ್ಪಾ, ಈಗ ಹೋಗೋಣ್ವಾ?" "ಬಂದೇ ಪುಟ್ಟ, ಐಸ್‌ಕ್ರೀಮ್ ಕರಗ್ತಾ ಇದೆ." ಅವಳು ಅಮ್ಮನ ಜೊತೆ ತಿರುಗುವ ಕುದುರೆ ಹತ್ತಿ ಬಂದಳು, ಅಜ್ಜಿಯ ಜೊತೆ ಕನ್ನಡಿಯ ಮನೆ ನೋಡಿ ಬಂದಳು. ಬಂದಾಗಲೆಲ್ಲ ನಾನು ಅದೇ ಕುರ್ಚಿಯಲ್ಲಿ ಬೇರೆ ಬೇರೆ ತಟ್ಟೆಯ ಮುಂದೆ ಕೂತಿದ್ದೆ. ನನ್ನ ಸುತ್ತ ಪಾರ್ಕೇ ಗಿರಗಿರ ತಿರುಗುತ್ತಿತ್ತು. ಅಷ್ಟರಮಟ್ಟಿಗೆ ನಾನೂ ಆಟ ಆಡಿದ ಲೆಕ್ಕವೇ!

"ರೀ," ಎಂದಳು ಹೆಂಡತಿ, ನನ್ನನ್ನು ಪಕ್ಕದಿಂದ ನೋಡಿ, "ಮುಂಗಡ ಕಟ್ಟಿದ್ದಕ್ಕೆ ಹೊಟ್ಟೆ ಮುಂಗಡೆ ಬಂದಿದೆ."

"ಜ್ಯೂಸು ಅಷ್ಟೇ. ಇಳಿಯುತ್ತೆ."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ" ಎಂದರು ಅತ್ತೆ, ಸೇಬಿನ ಬೀಜ ಉಗಿಯುತ್ತಾ. "ಪ್ಯಾಂಟು ಇದ್ದಷ್ಟು ಹೊಟ್ಟೆ ಚಾಚು ಅಂತ ಯಾರೂ ಹೇಳ್ಲಿಲ್ವಾ ನಿಮಗೆ?"

ನನಗೂ ರೋಷ ಬಂತು. ಎದ್ದು ನಿಂತೆ. ಅಂದರೆ, ಮೇಜನ್ನು ಹಿಡಿದು ಎರಡನೆಯ ಪ್ರಯತ್ನದಲ್ಲಿ ಎದ್ದು ನಿಂತೆ! "ಬಾ ಗುಂಡಿ, ಸಿಡಿಲುಬಂಡಿಗೆ!"

ಅವಳ ಮುಖ ನೋಡಬೇಕಿತ್ತು ನೀವು. ಸಾಲಿನಲ್ಲಿ ನಿಂತಷ್ಟು ಹೊತ್ತೂ ನನ್ನ ಬೆರಳು ಬಿಡಲಿಲ್ಲ. ಎತ್ತರದ ಗೆರೆಯ ಹತ್ತಿರ ಹಿಮ್ಮಡಿ ನೆಲಕ್ಕೊತ್ತಿ ನಿಂತು, ತಲೆ ಗೆರೆಗೆ ತಾಗಿದ್ದನ್ನು ಹಿಂದಿದ್ದವರಿಗೆಲ್ಲ ತೋರಿಸಿದಳು. ಹೆಂಡತಿಗೆ ಉಯ್ಯಾಲೆ ಕಂಡರೇ ತಲೆಸುತ್ತು. ಅವಳೂ ಅತ್ತೆಯೂ ಕೆಳಗೆ ಕಂಬಿ ಹಿಡಿದು ನಿಂತರು.

ನಾವಿಬ್ಬರೂ ಬಂಡಿಯ ಎರಡನೆಯ ಸಾಲಿನಲ್ಲಿ ಕೂತೆವು. ಬಂಡಿ ನಡೆಸುವ ಹುಡುಗಿ ಒಬ್ಬೊಬ್ಬರ ತೊಡೆಯ ಮೇಲಿನ ಕಬ್ಬಿಣದ ಕಂಬಿಯನ್ನು ಒತ್ತುತ್ತಾ ಬಂದಳು. ಎಲ್ಲರದ್ದೂ ಟಕ್, ಟಕ್, ಟಕ್ ಎಂದಿತು. ಗುಂಡಿಯದು ಟಕ್. ನನ್ನದು ಮಾತ್ರ ಮೌನವ್ರತ!

"ಸಾರ್, ಟಕ್ ಅನ್ಬೇಕು. ಅಂದ್ರೇನೇ ಬಂಡಿ ಹೊರಡೋದು."

"ಒತ್ತಮ್ಮಾ, ಸಂಕೋಚ ಪಡ್ಬೇಡ."

ಅವಳು ಒತ್ತಿದಳು. ಇನ್ನೊಬ್ಬ ನೌಕರ ಬಂದು ಅವನೂ ಒತ್ತಿದ. ನಾನು ಉಸಿರು ಎಳೆದುಕೊಂಡೆ. ನನ್ನ ಗಿರಾಕಿಗಳು ಇಷ್ಟು ವರ್ಷ ನನ್ನ ಮುಂದೆ ಎಳೆದುಕೊಂಡ ಉಸಿರನ್ನೆಲ್ಲ ಒಟ್ಟಿಗೆ ಎಳೆದುಕೊಂಡೆ! ಕಂಬಿ ಒಂದಿಷ್ಟು ಇಳಿಯಿತು. ಎಲ್ಲಿಂದಲೋ ಟಕ್ ಎಂದು ಸದ್ದು ಬಂತು. "ಆಯ್ತು!" ಎಂದಳು ಹುಡುಗಿ.

ಆಗಿರಲಿಲ್ಲ. ಸದ್ದು ಬಂದದ್ದು ಕಂಬಿಯಿಂದಲ್ಲ, ನನ್ನ ಪ್ಯಾಂಟಿನಿಂದ! ನನ್ನ ಕೈಯಾರೆ ನಾನೇ ಹೊಲಿದ ಗುಂಡಿ ಕಿತ್ತು ಮುಂದಿನ ಸಾಲಿನ ಕಡೆಗೆ ಹಾರಿಹೋಗಿತ್ತು. ವೃತ್ತಿಗೌರವಕ್ಕೆ ಬಿದ್ದ ಪೆಟ್ಟಿನಲ್ಲಿ ನಾನು ಗಂಟಲು ಹರಿಯುವಂತೆ ಕಿರುಚಿಬಿಟ್ಟೆ.

"ಅಯ್ಯಯ್ಯೋ! ಗುಂಡಿ ಹಾರೋಯ್ತು! ಗುಂಡಿ ಹಾರೋಯ್ತು!"

ಕೆಳಗಿನಿಂದ ನನ್ನ ಹೆಂಡತಿಯ ಚೀತ್ಕಾರ ಕೇಳಿಸಿತು. "ಅಯ್ಯೋ, ನನ್ ಗುಂಡೀ! ಯಾರಾದ್ರೂ ಹಿಡೀರಿ! ನನ್ ಮಗು ಬಿದ್ದೋಯ್ತು!"

ಅವಳ ಪಕ್ಕದಲ್ಲಿದ್ದ ಕಾವಲುಗಾರ ಬೆಚ್ಚಿಬಿದ್ದು ಮೇಲಕ್ಕೆ ಕೂಗಿದ. "ಗುಂಡಿ ಒತ್ತಿ! ಕೆಂಪು ಗುಂಡಿ ಒತ್ತಿ!"

"ಗುಂಡಿನ ಒತ್ತಬೇಡಿ!" ಎಂದು ಹೆಂಡತಿ ಇನ್ನೂ ಜೋರಾಗಿ ಕೂಗಿದಳು. ಹುಡುಗಿ ಒತ್ತಿಯೇಬಿಟ್ಟಳು. ಸೈರನ್ ಮೊಳಗಿತು. ಸಾಲಿನಲ್ಲಿದ್ದವರೆಲ್ಲ ಬಗ್ಗಿ ಬಗ್ಗಿ ಹಳಿಯ ಕೆಳಗೆ ಹುಡುಕತೊಡಗಿದರು. ಸ್ಟ್ರೆಚರ್ ಹಿಡಿದ ಇಬ್ಬರು ಮೆಟ್ಟಿಲು ಹಾರಿ ಬಂದರು. ಅವರ ಹಿಂದೆಯೇ ಏದುಸಿರು ಬಿಡುತ್ತಾ ಕಾವಲುಗಾರನೂ ಬಂದ.

"ಬಿದ್ದಿದ್ಯಾರು?"

"ಗುಂಡಿ" ಎಂದೆ.

"ಗುಂಡಿ ಅಂದ್ರೆ ಯಾರು?"

"ನನ್ ಮಗಳು."

"ಎಲ್ಲಿದಾಳೆ?"

"ಇಲ್ಲೇ, ಪಕ್ಕದಲ್ಲಿ ಕೂತಿದಾಳಲ್ಲ."

"ಮತ್ತೆ ಹಾರಿದ್ದು?"

"ಗುಂಡಿ!"

ಅವನು ನನ್ನನ್ನೂ ಸ್ಟ್ರೆಚರನ್ನೂ ನೋಡಿದ. ಮುಂದಿನ ಸಾಲಿನಲ್ಲಿದ್ದ ದಪ್ಪ ಮೀಸೆಯವರೊಬ್ಬರು ತಮ್ಮ ಕಾಲರಿನೊಳಗೆ ಕೈಹಾಕಿ ಕಂದು ಬಣ್ಣದ ಗುಂಡಿಯೊಂದನ್ನು ತೆಗೆದು, "ಇದು ನಿಮ್ದಾ?" ಎಂದರು. ಇಡೀ ಬಂಡಿ ಕೊಳ್ಳೆಂದು ನಕ್ಕಿತು. ನಾನು ಅದನ್ನು ಕಿತ್ತುಕೊಂಡು, ಮಾನ ಉಳಿಸಿಕೊಳ್ಳುವ ಅವಸರದಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ. "ನನ್ ತಪ್ಪೇನಿಲ್ಲ ಸಾರ್. ಎಲ್ಲಾ ತಪ್ಪು ಈ ಗುಂಡಿದೇ!"

ಹೇಳಿದ ಮೇಲೆ ಪಕ್ಕಕ್ಕೆ ನೋಡಿದೆ. ಗುಂಡಿ ನನ್ನ ಬೆರಳು ಬಿಟ್ಟುಬಿಟ್ಟಿದ್ದಳು. "ನಾನೇನ್ ಮಾಡ್ದೆ ಅಪ್ಪಾ?" ಎಂದಳು.

"ನಿನಗಲ್ಲ ಪುಟ್ಟ, ಆ ಗುಂಡಿಗೆ..." ಎನ್ನುವಷ್ಟರಲ್ಲಿ ಹುಡುಗಿ ನಯವಾಗಿ ಹೇಳಿದಳು. "ಸಾರ್, ನೀವು ಇಳೀಬೇಕು. ಕಂಬಿ ಕೂರ್ತಿಲ್ಲ. ದೊಡ್ಡವರು ಬೇರೆ ಯಾರೂ ಇಲ್ಲಾಂದ್ರೆ ಪಾಪುನೂ ಇಳೀಬೇಕಾಗುತ್ತೆ." ಒಂದು ವರ್ಷ ಬಾಗಿಲಿಗೆ ಬೆನ್ನು ಕೊಟ್ಟು ಬೆಳೆದ ಮಗು, ಅಪ್ಪನ ಪಿಜ್ಜಾಕ್ಕಾಗಿ ಇಳಿಯಬೇಕು! ಪ್ಯಾಂಟು ಹಿಡಿದುಕೊಂಡು ಇಳಿದು ನಿಂತ ನನಗೆ ನೆಲ ಬಾಯ್ಬಿಟ್ಟು ನುಂಗಬಾರದೇ ಎನಿಸಿತು. ಆದರೆ ಆ ಗಾತ್ರದವನನ್ನು ನುಂಗಲು ನೆಲಕ್ಕೂ ಮುಂಗಡ ಕೊಡಬೇಕಿತ್ತೇನೋ!

ಆಗ ಮೆಟ್ಟಿಲ ಕಡೆಯಿಂದ ಸೀಟಿಯಂಥ ದನಿ ಕೇಳಿತು. "ದಾರಿ ಬಿಡಿ!" ಮಗು ಬಿದ್ದಿದೆ ಎಂದು ಓಡಿಬಂದಿದ್ದ ಅತ್ತೆ! ಅವರ ಹಿಂದೆ ಹೆಂಡತಿ. ಮೊಮ್ಮಗಳು ಅಲ್ಲೇ ಕೂತಿರುವುದನ್ನೂ, ಅಳಿಯ ಪ್ಯಾಂಟು ಹಿಡಿದು ನಿಂತಿರುವುದನ್ನೂ ಒಂದೇ ನೋಟದಲ್ಲಿ ನೋಡಿ, ಅತ್ತೆ ತಮ್ಮ ಕೈಚೀಲವನ್ನು ನನ್ನ ಕುತ್ತಿಗೆಗೆ ನೇತುಹಾಕಿದರು.

"ಹಿಡ್ಕೊಳಿ ಅಳಿಯಂದ್ರೇ."

ಮೊಮ್ಮಗಳ ಪಕ್ಕ ಕೂತರು. ಹುಡುಗಿ ಒಂದೇ ಬೆರಳಲ್ಲಿ ಮುಟ್ಟಿದಳು. ಟಕ್! ಬಂಡಿ ಹೊರಟೇಹೋಯಿತು.

ಕೆಳಗೆ ನಾನು ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಗುಂಡಿ, ಕೊರಳಲ್ಲಿ ಚೀಲ, ಇಷ್ಟನ್ನೂ ಹೊತ್ತುಕೊಂಡು ನಿಂತೆ. ಹೆಂಡತಿ ಜೀರ್ಣದ ಮಾತ್ರೆಯೊಂದನ್ನು ನನ್ನ ಬಾಯಿಗೆ ಹಾಕಿ, "ಇದು ಪ್ಲ್ಯಾನಲ್ಲಿ ಸೇರಿಲ್ಲ" ಎಂದಳು.

ಅಜ್ಜಿ ಮೊಮ್ಮಗಳು ಕೂದಲು ಕೆದರಿಕೊಂಡು ನಗುತ್ತಾ ಬಂದರು. ಗುಂಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳಿ ಮುಗಿಸಿದ ಮೇಲೆ ಮೆಲ್ಲಗೆ, "ಅಜ್ಜಿ ಜೊತೆ ತುಂಬಾ ಚೆನ್ನಾಗಿತ್ತು. ಆದ್ರೆ ನೀನು ಬರ್ತೀನಿ ಅಂದಿದ್ದೆ ಅಲ್ವಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾಗಲಿಲ್ಲ.

"ಬರ್ತೀನಿ. ಇವತ್ತೇ ಬರ್ತೀನಿ" ಎಂದೆ.

ಟೈಲರನ ಜೇಬಿನಲ್ಲಿ ಸೂಜಿದಾರ ಇಲ್ಲದಿರುತ್ತದೆಯೇ! ಬೆಂಚಿನ ಮೇಲೆ ಕೂತು ಹೊಲಿಯಲು ಹೋದರೆ ಹೊಟ್ಟೆ ಅಡ್ಡ ಬಂದು ಗುಂಡಿಯ ಜಾಗವೇ ಕಾಣಿಸಲಿಲ್ಲ. ಗುಂಡಿ ಸೂಜಿ ಕಿತ್ತುಕೊಂಡಳು. ಅಂಗಡಿಯಲ್ಲಿ ಆಡುತ್ತಾ ಆಡುತ್ತಾ ಕಲಿತಿದ್ದಳು.

"ಅಪ್ಪಾ, ಉಸಿರು ಬಿಡು."

"ಬಿಟ್ರೆ ಹೊಟ್ಟೆ ಕಾಣುತ್ತೆ ಪುಟ್ಟ."

"ಕಾಣ್ಲಿ. ಅಳತೆ ಕೊಡೋವಾಗ ಸುಳ್ಳು ಹೇಳಬಾರ್ದು ಅಂತ ಎಲ್ಲರಿಗೂ ನೀನೇ ಹೇಳ್ತೀಯಲ್ಲ."

ಉಸಿರು ಬಿಟ್ಟೆ. ಅವಳು ಗುಂಡಿಯನ್ನು ಸೊಂಟಪಟ್ಟಿಯ ಕಟ್ಟಕಡೆಯ ಅಂಚಿಗೆ ಸರಿಸಿ ಹೊಲಿದು, ಹಲ್ಲಿನಲ್ಲಿ ದಾರ ಕಡಿದು, ಕನ್ನಡಕವಿಲ್ಲದಿದ್ದರೂ ಕನ್ನಡಕದ ಮೇಲಿಂದ ನೋಡುವವಳ ಹಾಗೆ ನನ್ನನ್ನು ನೋಡಿ ತೀರ್ಪು ಕೊಟ್ಟಳು.

"ತಪ್ಪು ಗುಂಡಿದಲ್ಲ ಸಾರ್, ಹೊಟ್ಟೆದು!"

ಇಷ್ಟು ವರ್ಷದಲ್ಲಿ ಆ ತೀರ್ಪು ಅಷ್ಟು ಸರಿಯಾಗಿ ಬಿದ್ದದ್ದು ಅದೇ ಮೊದಲು. ನಗುತ್ತಾ ನಗುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಜೋರಾಗಿ ನಗುವಂತಿರಲಿಲ್ಲ, ಗುಂಡಿ ಹೊಸದಾಗಿ ಹೊಲಿದದ್ದು!

ಅಲ್ಲಿಂದ ಸಂಜೆಯವರೆಗೂ ನಡೆದೆ. ಪಾರ್ಕನ್ನು ಸುತ್ತಿದೆ, ಸುತ್ತಿದ್ದನ್ನೇ ಮತ್ತೆ ಸುತ್ತಿದೆ. ಗುಂಡಿ ಮುಂದೆ, ನಾನು ಹಿಂದೆ, ನನ್ನ ಹಿಂದೆ "ಎಡ, ಬಲ, ಎಡ, ಬಲ!" ಎಂದು ಅತ್ತೆ. ದಾರಿಯಲ್ಲಿ ಟೋಪಿಯ ಮೇಲ್ವಿಚಾರಕಿ ಎದುರಾಗಿ, "ಸಾರ್, ಈ ಗಂಟೆ ತಟ್ಟೆ ನೀವು ಇನ್ನೂ ತಗೊಂಡೇ ಇಲ್ಲ!" ಎಂದು ನೆನಪಿಸಿದರು. ಕೌಂಟರಿನಲ್ಲಿ ಬಿಸಿಬಿಸಿ ಕೇಕು ಘಮಘಮಿಸುತ್ತಿತ್ತು. ಮುಂಗಡ ಕಟ್ಟಿದ ಕೇಕು! ಎದೆ ಕಿತ್ತು ಬಂದಂತಾಯಿತು. ಮಗಳ ಬೆನ್ನು ನೋಡುತ್ತಾ ಮುಂದಕ್ಕೆ ನಡೆದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತಿ ದೊಡ್ಡ ತ್ಯಾಗ ಅದು, ಬೇಕಾದರೆ ಬರೆದಿಟ್ಟುಕೊಳ್ಳಿ.

ಊಟದ ಕೌಂಟರುಗಳೆಲ್ಲ ಮುಚ್ಚಿದವು. ಸಿಡಿಲುಬಂಡಿಯ ಕೊನೆಯ ಸುತ್ತಿಗೆ ನಾವಿಬ್ಬರೂ ಹೋಗಿ ನಿಂತೆವು. ಅದೇ ಹುಡುಗಿ ನನ್ನನ್ನು ಕಂಡು ಮೊದಲು ಕೆಂಪು ಗುಂಡಿ ಎಲ್ಲಿದೆ ಎಂದು ನೋಡಿಕೊಂಡಳು. ಕೂತೆ. ಕಂಬಿ ಒತ್ತಿದಳು. ಗುಂಡಿ ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ.

ಟಕ್!

"ಕಂಬಿದಾ, ಪ್ಯಾಂಟಿದಾ?" ಎಂದಳು ಗುಂಡಿ, ಒಂದೇ ಕಣ್ಣು ತೆರೆದು.

"ಕಂಬಿದೇ!" ಎಂದೆ. ಬಂಡಿ ಹೊರಟಿತು.

ಮೇಲೇನಾಯಿತೆಂದು ನನ್ನನ್ನು ಕೇಳಬೇಡಿ, ನಾನು ನೋಡಿಲ್ಲ. ಇಬ್ಬರೂ ಕೈ ಮೇಲೆತ್ತಿದ್ದು ನೆನಪಿದೆ, ಮಗಳು "ಅಪ್ಪಾ!" ಎಂದು ಕೂಗಿದ್ದು ನೆನಪಿದೆ. ನಾನು "ಅಮ್ಮಾ!" ಎಂದು ಕೂಗಿದೆನಂತೆ. ಇಳಿಜಾರಿನಲ್ಲಿ ಒಂದು ಕ್ಯಾಮೆರಾ ಇರುತ್ತದೆ. ಇಳಿದು ಹೊರಬರುವ ದಾರಿಯಲ್ಲಿ ಎಲ್ಲರ ಫೋಟೋ ಪರದೆಯ ಮೇಲೆ ಹಾಕಿರುತ್ತಾರೆ. ನಾವು ಬರುವಷ್ಟರಲ್ಲಿ ಹೆಂಡತಿ, ಅತ್ತೆ ಅದರ ಮುಂದೆ ನಿಂತು ನೋಡುತ್ತಿದ್ದರು. ಫೋಟೋದಲ್ಲಿ ಗುಂಡಿ ನಗುವಿನ ಗೊಂಚಲು. ಪಕ್ಕದಲ್ಲಿ ನಾನು, ಕಣ್ಣು ಬಿಗಿಯಾಗಿ ಮುಚ್ಚಿ, ಒಂದು ಇಡೀ ಬನ್ನು ಅಡ್ಡಡ್ಡ ಹೋಗುವಷ್ಟು ಬಾಯಿ ತೆರೆದು ಕೂತಿದ್ದೇನೆ!

"ಹೇಗಿದೆ ಅತ್ತೆ?" ಎಂದೆ ಹೆಮ್ಮೆಯಿಂದ.

ಅತ್ತೆ ಫೋಟೋ ನೋಡಿದರು, ನನ್ನನ್ನು ನೋಡಿದರು, ನನ್ನ ಕೈಯ ಹಳದಿ ಪಟ್ಟಿಯನ್ನು ನೋಡಿದರು.

"ಅಳಿಯಂದ್ರೇ, ಕೌಂಟರ್ ಮುಚ್ಚಿ ಆಗ್ಲೇ ಎಷ್ಟೋ ಹೊತ್ತಾಯ್ತು. ಇನ್ನಾದ್ರೂ ಬಾಯಿ ಮುಚ್ಚಬಾರ್ದಾ?"